ಅಮೆರಿಕದ ಗ್ರಾಹಕರಿಗೆ ಎಸ್‌ಎಂಎಸ್: ಹತ್ತಂಕಿ ಸಂಖ್ಯೆಯೋ, ಟೋಲ್ ಫ್ರೀಯೋ, ಶಾರ್ಟ್ ಕೋಡೋ?

ಅಮೆರಿಕದ ಮೊಬೈಲ್‌ಗಳಿಗೆ ತಂತ್ರಾಂಶದ ಮೂಲಕ ಸಂದೇಶ ಕಳುಹಿಸುವ ಸಂಸ್ಥೆ ಚಿಕ್ಕದಿರಲಿ ದೊಡ್ಡದಿರಲಿ, ಮೊದಲು ನೋಂದಣಿ ಮಾಡಿಸಿ ಅನುಮೋದನೆ ಪಡೆಯಲೇಬೇಕು. ದಿನಕ್ಕೆ ಹತ್ತು ಮಂದಿಗೆ ಭೇಟಿಯ ಸಮಯ ನೆನಪಿಸುವ ದಂತವೈದ್ಯರಿಗೂ, ಲಕ್ಷಗಟ್ಟಲೆ ಗ್ರಾಹಕರಿರುವ ಮಳಿಗೆಗೂ ನಿಯಮ ಒಂದೇ. ನೋಂದಣಿಯಿಲ್ಲದ ಸಂಖ್ಯೆಯಿಂದ ಹೊರಟ ಸಂದೇಶವನ್ನು ಎಟಿ ಅಂಡ್ ಟಿ, ಟಿ-ಮೊಬೈಲ್, ವೆರಿಜಾನ್ ಜಾಲಗಳು ನಡುದಾರಿಯಲ್ಲೇ ತಡೆಯುತ್ತವೆ.

ಈ ಕೆಲಸಕ್ಕೆ ಇಳಿಯುವವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಯಾವುದು ಬೇಗ ಸಿಗುತ್ತದೆ, ಯಾವುದು ಅಗ್ಗ’ ಎಂದು. ಆ ಎರಡು ಪ್ರಶ್ನೆಗಳಿಗೆ ಉತ್ತರ ಕೆಳಗಿದೆ. ಆದರೆ ಅವುಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ ಇವೆ: ಕಾನೂನಿನ ಕಣ್ಣಿನಲ್ಲಿ ಈ ಸಂದೇಶ ಕಳುಹಿಸುತ್ತಿರುವವರು ಯಾರು? ಪಡೆಯುವವರು ಒಪ್ಪಿದ್ದಾರೆಂದು ತೋರಿಸಲು ಅವರ ಬಳಿ ಏನಿದೆ? ಈ ಎರಡಕ್ಕೆ ಗಟ್ಟಿ ಉತ್ತರ ಇದ್ದರೆ ಮೂರರಲ್ಲಿ ಯಾವ ದಾರಿಯಲ್ಲಾದರೂ ಅನುಮೋದನೆ ಸಿಗುತ್ತದೆ. ಉತ್ತರ ಇಲ್ಲದಿದ್ದರೆ ಒಂದು ದಾರಿಯಲ್ಲಿ ತಿರಸ್ಕಾರವಾದ ಅರ್ಜಿ ಇನ್ನೊಂದರಲ್ಲಿಯೂ ಅದೇ ಕಾರಣಕ್ಕೆ ಮರಳಿ ಬರುತ್ತದೆ.

ಮೂರು ದಾರಿಗಳು

ಮೊದಲನೆಯದು ಊರಿನ ಪ್ರದೇಶಸಂಕೇತವಿರುವ ಸಾಮಾನ್ಯ ಹತ್ತಂಕಿ ಸಂಖ್ಯೆ. ವ್ಯವಹಾರದಲ್ಲಿ ಇದರ ಹೆಸರು 10ಡಿಎಲ್‌ಸಿ. ಎರಡನೆಯದು 800, 888, 877, 866, 855, 844 ಅಥವಾ 833ರಿಂದ ಆರಂಭವಾಗುವ ಟೋಲ್ ಫ್ರೀ ಸಂಖ್ಯೆ. ಮೂರನೆಯದು ಐದು ಅಥವಾ ಆರು ಅಂಕಿಗಳ ಶಾರ್ಟ್ ಕೋಡ್. ಮೊದಲ ಎರಡರಿಂದ ಕರೆಯನ್ನೂ ಮಾಡಬಹುದು, ಸ್ವೀಕರಿಸಬಹುದು. ಶಾರ್ಟ್ ಕೋಡ್‌ಗೆ ಸಂದೇಶ ಬಿಟ್ಟು ಬೇರೆ ಕೆಲಸವಿಲ್ಲ. ನಿಮ್ಮ ಕಚೇರಿಯ ಹಳೆಯ ಸ್ಥಿರ ದೂರವಾಣಿ ಸಂಖ್ಯೆಯನ್ನೇ ಸಂದೇಶಕ್ಕೂ ಅಣಿಗೊಳಿಸಿಕೊಳ್ಳುವ ಅವಕಾಶವಿದೆ. ಗ್ರಾಹಕರಿಗೆ ಆಗಲೇ ಪರಿಚಿತವಾದ ಸಂಖ್ಯೆ ಇದ್ದರೆ ಹೊಸದನ್ನು ಕೊಳ್ಳುವ ಮುನ್ನ ಇದನ್ನು ವಿಚಾರಿಸಿ.

ಕಳುಹಿಸುವವರು ಯಾರು?

ಹತ್ತಂಕಿ ಸಂಖ್ಯೆಯ ನೋಂದಣಿ ‘ದಿ ಕ್ಯಾಂಪೇನ್ ರಿಜಿಸ್ಟ್ರಿ’ ಎಂಬ ಸಂಸ್ಥೆಯಲ್ಲಿ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಬ್ರ್ಯಾಂಡ್, ಅಂದರೆ ನೀವು ಯಾರು ಎಂಬುದು. ಆಮೇಲೆ ಕ್ಯಾಂಪೇನ್, ಅಂದರೆ ಏನು ಕಳುಹಿಸುತ್ತೀರಿ ಎಂಬುದು. ಇವನ್ನು ನೇರವಾಗಿ ಸಲ್ಲಿಸುವವರು ಕಡಿಮೆ. ಹೆಚ್ಚಿನವರು ಸಂದೇಶ ಸೇವೆ ನೀಡುವ ಕಂಪನಿಯ ಜಾಲತಾಣದಲ್ಲೇ ಅರ್ಜಿ ತುಂಬುತ್ತಾರೆ.

ಬ್ರ್ಯಾಂಡ್ ಹಂತದಲ್ಲಿ ಕೆಲಸ ಕೆಡುವುದು ಬಹುತೇಕ ಹೆಸರಿನಲ್ಲಿ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ನೀಡುವ ಇಐಎನ್ ಸಂಖ್ಯೆಯ ಜೊತೆ ಯಾವ ಹೆಸರು ದಾಖಲಾಗಿದೆಯೋ ಅದೇ ಹೆಸರು ಅರ್ಜಿಯಲ್ಲಿರಬೇಕು. ಅಂಗಡಿಯ ಫಲಕದ ಮೇಲಿನ ಹೆಸರು ಬೇರೆ, ದಾಖಲೆಯ ಹೆಸರು ಬೇರೆ ಆಗಿರುವುದು ಸಾಮಾನ್ಯ. ಇಐಎನ್ ಕೊಟ್ಟಾಗ ಬರುವ ಸಿಪಿ 575 ಪತ್ರವನ್ನು ಎದುರಿಗಿಟ್ಟುಕೊಂಡು ಅದರಲ್ಲಿರುವಂತೆಯೇ, ಅಲ್ಪವಿರಾಮವನ್ನೂ ಬಿಡದೆ, ಹೆಸರನ್ನು ಬರೆಯಿರಿ. ಆ ಪತ್ರ ಕಳೆದುಹೋಗಿದ್ದರೆ ಐಆರ್‌ಎಸ್‌ನಿಂದ 147ಸಿ ಪತ್ರವನ್ನು ಕೇಳಿ ಪಡೆಯಬಹುದು.

ಇಐಎನ್ ಇಲ್ಲದ ಒಂಟಿ ವ್ಯಾಪಾರಿಗಳಿಗೆ ‘ಸೋಲ್ ಪ್ರೊಪ್ರೈಟರ್’ ಎಂಬ ಪ್ರತ್ಯೇಕ ವರ್ಗವಿದೆ. ಮೊಬೈಲ್‌ಗೆ ಬರುವ ಓಟಿಪಿಯಿಂದ ಗುರುತು ದೃಢಪಡುತ್ತದೆ. ಒಂದು ಕ್ಯಾಂಪೇನ್, ಒಂದು ಸಂಖ್ಯೆ, ಟಿ-ಮೊಬೈಲ್ ಗ್ರಾಹಕರಿಗೆ ದಿನಕ್ಕೆ 1,000 ಸಂದೇಶಭಾಗ (ಉದ್ದದ ಸಂದೇಶ ಒಡೆದು ಆಗುವ ತುಂಡು), ಇಷ್ಟಕ್ಕೆ ಮಿತಿ. ಮನೆಪಾಠ ಹೇಳುವವರಿಗೆ ಇಷ್ಟು ಸಾಕಾಗಬಹುದು. ಆದರೂ ನನ್ನ ಸಲಹೆ, ಇಐಎನ್ ಮಾಡಿಸಿಕೊಳ್ಳಿ ಎಂದೇ. ಐಆರ್‌ಎಸ್ ಅದಕ್ಕೆ ಶುಲ್ಕ ತೆಗೆದುಕೊಳ್ಳುವುದಿಲ್ಲ, ಮುಂದೆ ವ್ಯಾಪಾರ ಬೆಳೆದಾಗ ಎಲ್ಲವನ್ನೂ ಮೊದಲಿನಿಂದ ನೋಂದಾಯಿಸುವ ಕಷ್ಟ ತಪ್ಪುತ್ತದೆ. ಇಐಎನ್ ಇದ್ದೂ ಇಲ್ಲವೆಂದು ಈ ವರ್ಗದಲ್ಲಿ ನೋಂದಾಯಿಸಲು ಮಾತ್ರ ಅವಕಾಶವಿಲ್ಲ. ಅಮೆರಿಕದ ಹೊರಗಿನ ಕಂಪನಿ ತನ್ನ ದೇಶದ ನೋಂದಣಿ ಸಂಖ್ಯೆ ಅಥವಾ ತೆರಿಗೆ ಸಂಖ್ಯೆಯ ಆಧಾರದಲ್ಲಿ ಬ್ರ್ಯಾಂಡ್ ಮಾಡಿಸಬಹುದು, ಒಂಟಿ ವ್ಯಾಪಾರಿಯ ವರ್ಗ ಅವರಿಗೆ ಸಲ್ಲದು.

ತಂತ್ರಾಂಶ ಕಂಪನಿಗಳು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ನೀವು ನೂರು ಕ್ಲಿನಿಕ್‌ಗಳಿಗೆ ತಂತ್ರಾಂಶ ಒದಗಿಸುತ್ತಿದ್ದೀರಿ, ಸಂದೇಶ ನಿಮ್ಮ ಸರ್ವರ್‌ನಿಂದಲೇ ಹೊರಡುತ್ತದೆ ಎಂದುಕೊಳ್ಳಿ. ಆಗಲೂ ಕಳುಹಿಸುವವರು ನೀವಲ್ಲ, ಆ ಕ್ಲಿನಿಕ್‌ಗಳು. ಪ್ರತಿ ಕ್ಲಿನಿಕ್‌ನ ಹೆಸರಿನಲ್ಲಿ ಪ್ರತ್ಯೇಕ ಬ್ರ್ಯಾಂಡ್ ಆಗಬೇಕು. ನಿಮ್ಮ ಒಂದೇ ಬ್ರ್ಯಾಂಡ್‌ನ ಅಡಿಯಲ್ಲಿ ಎಲ್ಲರನ್ನೂ ಸೇರಿಸಿದರೆ ಸಂದೇಶದಲ್ಲಿರುವ ಹೆಸರು ಒಂದು, ನೋಂದಣಿಯ ಹೆಸರು ಇನ್ನೊಂದು ಆಗುತ್ತದೆ. ಅರ್ಜಿ ನೋಡುವ ಪರಿಶೀಲಕರು ಮೊದಲು ಹುಡುಕುವುದೇ ಅದನ್ನು. ಈ ಕೆಲಸದ ಹೊರೆ ದೊಡ್ಡದು ನಿಜ, ಆದ್ದರಿಂದ ಹೊಸ ಗ್ರಾಹಕರು ಸೇರುವ ದಿನವೇ ಇಐಎನ್, ಕಾನೂನುಬದ್ಧ ಹೆಸರು, ಜಾಲತಾಣದ ವಿಳಾಸ ಪಡೆಯುವ ಕ್ರಮವನ್ನು ತಂತ್ರಾಂಶದೊಳಗೇ ಇಡಿ.

ಹತ್ತಂಕಿ ಸಂಖ್ಯೆ: ಹೆಚ್ಚಿನವರಿಗೆ ಇದೇ ಸರಿ

ಊರಿನ ಜನ ಊರಿನ ಪ್ರದೇಶಸಂಕೇತವನ್ನು ಗುರುತಿಸುತ್ತಾರೆ, ಉತ್ತರಿಸುತ್ತಾರೆ, ಬೇಕಾದರೆ ಅದೇ ಸಂಖ್ಯೆಗೆ ಕರೆ ಮಾಡುತ್ತಾರೆ. ಖರ್ಚೂ ಹಗುರ. ರಿಜಿಸ್ಟ್ರಿಯ ದರದಲ್ಲಿ ಬ್ರ್ಯಾಂಡ್‌ಗೆ ಒಮ್ಮೆ ಸುಮಾರು 4.50 ಡಾಲರ್, ಸಾಮಾನ್ಯ ಕ್ಯಾಂಪೇನ್‌ಗೆ ತಿಂಗಳಿಗೆ 10 ಡಾಲರ್, ಹಲವು ಬಗೆಯ ಸಂದೇಶಗಳನ್ನು ಒಂದರಲ್ಲೇ ಕಳುಹಿಸುವ ಕಡಿಮೆ ಪ್ರಮಾಣದ ಮಿಶ್ರ ಕ್ಯಾಂಪೇನ್‌ಗೆ 1.50 ಡಾಲರ್ ಆಗುತ್ತದೆ. ಧರ್ಮಾರ್ಥ ಸಂಸ್ಥೆಗಳಿಗೆ ತಿಂಗಳಿಗೆ 3 ಡಾಲರ್ ಶುಲ್ಕದ ರಿಯಾಯಿತಿ ವರ್ಗವಿದೆ. ಇದಲ್ಲದೆ ಕ್ಯಾಂಪೇನ್ ಪರಿಶೀಲನೆಗೆ ಸುಮಾರು 15 ಡಾಲರ್ ಆಗುತ್ತದೆ, ತಿರಸ್ಕಾರವಾಗಿ ಮತ್ತೆ ಸಲ್ಲಿಸಿದಾಗ ಅದನ್ನು ಮತ್ತೆ ತೆರಬೇಕಾಗಬಹುದು. ಪ್ರತಿ ಸಂದೇಶದ ಮೇಲೆ ದೂರಸಂಪರ್ಕ ಕಂಪನಿಗಳ ಹೆಚ್ಚುವರಿ ಶುಲ್ಕ ಮತ್ತು ನಿಮ್ಮ ಸೇವಾದಾರರ ಪಾಲು ಬೇರೆ.

ಮಿತಿಗಳ ಲೆಕ್ಕ ಸ್ವಲ್ಪ ಗಂಭೀರವಾದುದು. ಟಿ-ಮೊಬೈಲ್ ದಿನದ ಮಿತಿಯನ್ನು ಇಡೀ ಬ್ರ್ಯಾಂಡ್‌ಗೆ ಸೇರಿಸಿ ಇಡುತ್ತದೆ. ಎಷ್ಟು ಕ್ಯಾಂಪೇನ್ ಇದ್ದರೂ ಅವೆಲ್ಲ ಅದೇ ಮಿತಿಯನ್ನು ಹಂಚಿಕೊಳ್ಳಬೇಕು. ಎಟಿ ಅಂಡ್ ಟಿ ಮಿತಿ ಇಡುವುದು ಕ್ಯಾಂಪೇನ್‌ಗೆ, ಅದೂ ನಿಮಿಷದ ಲೆಕ್ಕದಲ್ಲಿ. ಕಡಿಮೆ ಪ್ರಮಾಣದ ವರ್ಗದಲ್ಲಿ ಟಿ-ಮೊಬೈಲ್ ಗ್ರಾಹಕರಿಗೆ ದಿನಕ್ಕೆ 2,000 ಸಂದೇಶಭಾಗಗಳು. ಇನ್ನೂ ಬೇಕೆಂದರೆ ಸುಮಾರು 40 ಡಾಲರ್ ಕೊಟ್ಟು ಹೆಚ್ಚುವರಿ ಪರಿಶೀಲನೆ ಮಾಡಿಸಬೇಕು. ಅದರಿಂದ 100ರೊಳಗಿನ ಒಂದು ಅಂಕ ಬರುತ್ತದೆ: 25ರಿಂದ 49 ಬಂದರೆ 10,000, 50ರಿಂದ 74 ಬಂದರೆ 40,000, 75 ಅಥವಾ ಅದಕ್ಕಿಂತ ಹೆಚ್ಚು ಬಂದರೆ 2,00,000.

ಇಲ್ಲಿ ಎಣಿಸುವುದು ಸಂದೇಶಗಳನ್ನಲ್ಲ, ಸಂದೇಶಭಾಗಗಳನ್ನು. ಇಂಗ್ಲಿಷ್ ಸಂದೇಶವಾದರೆ 160 ಅಕ್ಷರದವರೆಗೆ ಒಂದು ಭಾಗ. ಅದಕ್ಕಿಂತ ಉದ್ದವಾದರೆ 153ಕ್ಕೊಂದರಂತೆ ಒಡೆಯುತ್ತದೆ. ಕನ್ನಡ ಲಿಪಿಯ ಸಂದೇಶಕ್ಕೆ ಈ ಮಿತಿ 70ಕ್ಕೆ ಇಳಿಯುತ್ತದೆ, ಉದ್ದವಾದಾಗ 67ಕ್ಕೆ. ಅದರಲ್ಲೂ ನಾವು ಒಂದು ಅಕ್ಷರವೆಂದು ಓದುವುದನ್ನು ಯಂತ್ರ ಒಂದೆಂದು ಎಣಿಸುವುದಿಲ್ಲ. ಸ್ವರಚಿಹ್ನೆ, ಹಲಂತ ಎಲ್ಲಕ್ಕೂ ಒಂದೊಂದು ಸ್ಥಾನ ಬೇಕು. ‘ಕನ್ನಡ’ ಎಂಬ ಮೂರಕ್ಷರದ ಪದಕ್ಕೆ ಐದು ಸ್ಥಾನ ಹೋಗುತ್ತದೆ. ಅಮೆರಿಕದ ಒಂದು ಕನ್ನಡ ಕೂಟ ತನ್ನ ಸದಸ್ಯರಿಗೆ ರಾಜ್ಯೋತ್ಸವದ ಆಹ್ವಾನವನ್ನು 180 ಸ್ಥಾನಗಳ ಕನ್ನಡ ಸಂದೇಶವಾಗಿ ಕಳುಹಿಸಿದರೆ ಅದು ಮೂರು ಭಾಗವಾಗುತ್ತದೆ. 2,000ದ ಮಿತಿಯಲ್ಲಿ ಟಿ-ಮೊಬೈಲ್ ಬಳಸುವ 666 ಮಂದಿಗಷ್ಟೇ ಆ ದಿನ ತಲುಪುತ್ತದೆ. ಹಾಗೆಂದು ಕನ್ನಡವನ್ನು ಬಿಡಬೇಕಾಗಿಲ್ಲ, ಮಿತಿಯನ್ನು ಲೆಕ್ಕ ಹಾಕಿ ವರ್ಗವನ್ನು ಆರಿಸಿಕೊಂಡರಾಯಿತು. ಇಂಗ್ಲಿಷ್ ಸಂದೇಶದಲ್ಲಿಯೂ ಒಂದು ಇಮೋಜಿ ಅಥವಾ ಬಾಗಿದ ಉದ್ಧರಣ ಚಿಹ್ನೆ ನುಸುಳಿದರೆ ಇಡೀ ಸಂದೇಶ 70ರ ಲೆಕ್ಕಕ್ಕೆ ಬರುತ್ತದೆ. ಬರಹ ತಂತ್ರಾಂಶಗಳಿಂದ ನಕಲಿಸಿ ಅಂಟಿಸಿದಾಗ ಇದು ಗೊತ್ತಾಗದಂತೆ ಆಗುತ್ತದೆ, ತಿಂಗಳ ಬಿಲ್ ಬಂದಾಗ ತಿಳಿಯುತ್ತದೆ.

ಟೋಲ್ ಫ್ರೀ: ಊರು ಮುಖ್ಯವಲ್ಲದವರಿಗೆ

ಗ್ರಾಹಕರು ಹಲವು ರಾಜ್ಯಗಳಲ್ಲಿ ಹರಡಿಕೊಂಡಿದ್ದರೆ, ಕೆನಡಾದಲ್ಲಿಯೂ ಇದ್ದರೆ, ಟೋಲ್ ಫ್ರೀ ಸಂಖ್ಯೆಯನ್ನು ಮೊದಲು ಪರಿಗಣಿಸಿ. ಎರಡೂ ದೇಶಗಳಿಗೆ ಅದು ಸಲ್ಲುತ್ತದೆ. ಬ್ರ್ಯಾಂಡ್, ಕ್ಯಾಂಪೇನ್ ಎಂಬ ಎರಡು ಹಂತಗಳಿಲ್ಲ. ಸಂಖ್ಯೆಗೆ ಒಂದೇ ಪರಿಶೀಲನೆ. ತಿಂಗಳ ಕ್ಯಾಂಪೇನ್ ಶುಲ್ಕವೂ ಇಲ್ಲ. ಹಿಂದೆ ಪರಿಶೀಲನೆ ಬಾಕಿ ಇರುವಾಗಲೇ ಸ್ವಲ್ಪ ಸಂದೇಶ ಕಳುಹಿಸಲು ಬಿಡುತ್ತಿದ್ದರು. 2024ರ ಜನವರಿ 31ರಿಂದ ಅದು ನಿಂತಿದೆ. ಪರಿಶೀಲನೆ ಮುಗಿಯುವವರೆಗೆ ಒಂದು ಸಂದೇಶವೂ ದಾಟುವುದಿಲ್ಲ. ‘ಟೋಲ್ ಫ್ರೀಗೆ ನೋಂದಣಿ ಬೇಡ’ ಎಂಬ ಹಳೆಯ ಸಲಹೆ ಈಗಲೂ ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ, ಅದನ್ನು ನಂಬಬೇಡಿ.

ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಮೂರು ಭಾಗ. ದಿನವಿಡೀ ಹಂಚಿ ಹೋಗುವ ಆದೇಶದ ಮಾಹಿತಿ, ವಿತರಣೆಯ ಸುದ್ದಿಗಳಿಗೆ ಇದು ಧಾರಾಳ. ಹತ್ತು ಸಾವಿರ ಮಂದಿಗೆ ಒಂದೇ ಹೊತ್ತಿನಲ್ಲಿ ರಿಯಾಯಿತಿ ಮಾರಾಟದ ಸುದ್ದಿ ಮುಟ್ಟಿಸಬೇಕೆಂದರೆ ಒಂದು ಗಂಟೆ ಹಿಡಿಯುತ್ತದೆ. ವೇಗ ಹೆಚ್ಚಿಸಲು ಹತ್ತು ಸಂಖ್ಯೆ ಕೊಂಡು ಸಂದೇಶಗಳನ್ನು ಹರಡುವ ಉಪಾಯವನ್ನು ಪರಿಶೀಲಕರು ತಪ್ಪಿಸಿಕೊಳ್ಳುವ ಯತ್ನವೆಂದೇ ನೋಡುತ್ತಾರೆ. ಇನ್ನೊಂದು ವಿಷಯ: ಇಲ್ಲಿ ಯಾರಾದರೂ ಸ್ಟಾಪ್ ಎಂದು ಉತ್ತರಿಸಿದರೆ ಜಾಲವೇ ಆ ವ್ಯಕ್ತಿಗೆ ಸಂದೇಶ ಹೋಗದಂತೆ ತಡೆಯುತ್ತದೆ. ಅವರು ಅನ್‌ಸ್ಟಾಪ್ ಎಂದು ಕಳುಹಿಸುವವರೆಗೆ ನಿಮ್ಮ ಕಡೆಯಿಂದ ಏನೂ ಮಾಡಲಾಗದು. ಪಡೆಯುವವರ ದೃಷ್ಟಿಯಿಂದ ಇದು ತುಂಬ ಒಳ್ಳೆಯ ಏರ್ಪಾಡು.

ಶಾರ್ಟ್ ಕೋಡ್: ಅಗತ್ಯವಿದ್ದವರಿಗೆ ಗೊತ್ತೇ ಇರುತ್ತದೆ

ಯಾವುದೋ ಒಂದು ಸಂಖ್ಯೆಗೆ ತಿಂಗಳಿಗೆ 500 ಡಾಲರ್, ನೀವೇ ಆರಿಸಿದ ಸಂಖ್ಯೆಗೆ 1,000 ಡಾಲರ್ ಬಾಡಿಗೆ. ಪ್ರತಿ ದೂರಸಂಪರ್ಕ ಕಂಪನಿಯೂ ಪ್ರತ್ಯೇಕವಾಗಿ ಒಪ್ಪಬೇಕಾದ್ದರಿಂದ ಸಾಮಾನ್ಯವಾಗಿ ಆರರಿಂದ ಹತ್ತು ವಾರ ಕಾಯಬೇಕು. ಅಮೆರಿಕದ ಕೋಡ್ ಕೆನಡಾಕ್ಕೆ ಸಲ್ಲುವುದಿಲ್ಲ. ಪ್ರತಿಯಾಗಿ ಸಿಗುವುದು ವೇಗ: ಸೆಕೆಂಡಿಗೆ ನೂರರ ಲೆಕ್ಕದಲ್ಲಿ ಸಂದೇಶ ಹೊರಡುತ್ತದೆ. ಬ್ಯಾಂಕಿನ ಓಟಿಪಿ, ವಿಮಾನ ರದ್ದಾದ ಸೂಚನೆ, ದೂರದರ್ಶನ ಕಾರ್ಯಕ್ರಮದ ಮತದಾನ ಇಂಥವಕ್ಕೆ ಇದು ಬೇಕು. ತಿಂಗಳಿಗೆ ಕೆಲವು ಸಾವಿರ ಸಂದೇಶ ಕಳುಹಿಸುವವರು ಪ್ರತಿಷ್ಠೆಗಾಗಿ ಇದನ್ನು ಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಕೊಂಡವರ ಮೇಲೆ ದೂರಸಂಪರ್ಕ ಉದ್ಯಮದ ಒಕ್ಕೂಟವಾದ ಸಿಟಿಐಎಯ ನಿಗಾ ಅನುಮೋದನೆಯ ನಂತರವೂ ಮುಂದುವರಿಯುತ್ತದೆ.

ಸಮ್ಮತಿಯ ಸಾಕ್ಷ್ಯ: ಅರ್ಜಿಯ ಜೀವಾಳ

ಪರಿಶೀಲಕರು ನಿಮ್ಮ ಅಂಗಡಿಯನ್ನು ನೋಡಿಲ್ಲ, ನಿಮ್ಮ ಪ್ರಾಮಾಣಿಕತೆಯನ್ನು ಅರಿತಿಲ್ಲ. ಅವರ ಮುಂದೆ ಇರುವುದು ಅರ್ಜಿಯ ನಾಲ್ಕು ಸಾಲು, ಮಾದರಿ ಸಂದೇಶ ಮತ್ತು ನಿಮ್ಮ ಜಾಲತಾಣ. ‘ಗ್ರಾಹಕರು ಒಪ್ಪಿಗೆ ನೀಡಿದ್ದಾರೆ’ ಎಂದು ಬರೆದು ಸುಮ್ಮನಾದ ಅರ್ಜಿ ತಿರಸ್ಕಾರವಾಗುವುದು ಹೆಚ್ಚುಕಡಿಮೆ ಖಚಿತ. ಎಲ್ಲಿ, ಯಾವ ಪುಟದಲ್ಲಿ, ಯಾವ ಮಾತನ್ನು ಓದಿ, ಏನು ಮಾಡಿ ಒಪ್ಪಿದರು ಎಂದು ಬಿಡಿಸಿ ಬರೆಯಬೇಕು.

ಜಾಲತಾಣದ ನಮೂನೆಯಲ್ಲಿ ಸಮ್ಮತಿ ಪಡೆಯುವುದಾದರೆ ಚೌಕದಲ್ಲಿ ಮೊದಲೇ ಗುರುತು ಹಾಕಿರಬಾರದು, ಗ್ರಾಹಕರೇ ಹಾಕಬೇಕು. ಕೊಳ್ಳಲು ಸಮ್ಮತಿ ಕಡ್ಡಾಯ ಎಂಬಂತೆ ಇರಬಾರದು. ಪಕ್ಕದಲ್ಲಿ ಸಂಸ್ಥೆಯ ಹೆಸರು, ಯಾವ ಬಗೆಯ ಸಂದೇಶಗಳು, ಎಷ್ಟು ಬಾರಿ ಬರುತ್ತವೆ, ಸಂದೇಶ ಮತ್ತು ಡೇಟಾ ದರ ತಗುಲಬಹುದು, ನಿಲ್ಲಿಸಲು ಸ್ಟಾಪ್, ನೆರವಿಗೆ ಹೆಲ್ಪ್, ಇಷ್ಟೂ ಇರಬೇಕು. ಗೋಪ್ಯತಾ ನೀತಿ ಮತ್ತು ಷರತ್ತುಗಳ ಕೊಂಡಿಗಳೂ ಬೇಕು. ಲಾಗಿನ್ ಆದ ಮೇಲೆ ಮಾತ್ರ ಕಾಣುವ ಪುಟವಾದರೆ ಅದರ ಚಿತ್ರವನ್ನು ಎಲ್ಲರಿಗೂ ತೆರೆದುಕೊಳ್ಳುವ ವಿಳಾಸದಲ್ಲಿ ಇಟ್ಟು ಕೊಂಡಿ ಕೊಡಿ. ಕಾಗದದ ನಮೂನೆಯಾದರೆ ಅದರ ಚಿತ್ರ ಕೊಡಿ. ಮಾತಿನಲ್ಲಿ ಒಪ್ಪಿಗೆ ಕೇಳುವುದಾದರೆ ನಿಮ್ಮ ಸಿಬ್ಬಂದಿ ಹೇಳುವ ಮಾತನ್ನು ಅಕ್ಷರಶಃ ಬರೆದುಕೊಡಿ. ಜಾಹೀರಾತು ಸಂದೇಶಕ್ಕಾದರೆ ಬಾಯಿಮಾತು ಸಾಲದು, ಲಿಖಿತ ಸಮ್ಮತಿ ಬೇಕು.

ಗೋಪ್ಯತಾ ನೀತಿಯ ಒಂದು ವಾಕ್ಯ ಎಷ್ಟೋ ಅರ್ಜಿಗಳನ್ನು ಉರುಳಿಸುತ್ತದೆ. ‘ನಿಮ್ಮ ಮಾಹಿತಿಯನ್ನು ನಮ್ಮ ಪಾಲುದಾರರೊಂದಿಗೆ ಪ್ರಚಾರಕ್ಕಾಗಿ ಹಂಚಿಕೊಳ್ಳಬಹುದು’ ಎಂಬ ಸಾಲು ಸಿದ್ಧ ಮಾದರಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಮೊಬೈಲ್ ಸಂಖ್ಯೆಯನ್ನೂ ಸಮ್ಮತಿಯನ್ನೂ ಪ್ರಚಾರಕ್ಕಾಗಿ ಬೇರೆಯವರಿಗೆ ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯದಿದ್ದರೆ ಅನುಮೋದನೆಯ ಆಸೆ ಬೇಡ. ಬರೆದರೆ ಸಾಲದು, ಹಾಗೆ ನಡೆದುಕೊಳ್ಳಲೂ ಬೇಕು. ಒಬ್ಬರು ತಮ್ಮ ಸಂಖ್ಯೆಯನ್ನು ನಿಮ್ಮನ್ನು ನಂಬಿ ಕೊಟ್ಟಿರುತ್ತಾರೆ, ನಿಮ್ಮ ಪಾಲುದಾರರನ್ನು ನಂಬಿ ಅಲ್ಲ.

ಕಾನೂನಿನ ಪೆಟ್ಟು ಬೇರೆಯೇ ಇದೆ. ದೂರವಾಣಿ ಗ್ರಾಹಕರ ರಕ್ಷಣೆಗೆ 1991ರಲ್ಲಿ ಬಂದ ಟಿಸಿಪಿಎ ಕಾಯ್ದೆಯ ಅಡಿಯಲ್ಲಿ ಉಲ್ಲಂಘನೆಯ ಪ್ರತಿ ಸಂದೇಶಕ್ಕೆ 500 ಡಾಲರ್, ಬೇಕೆಂದೇ ಮಾಡಿದ್ದರೆ 1,500 ಡಾಲರ್‌ವರೆಗೆ ಪರಿಹಾರ ಕೇಳಬಹುದು. ಪ್ರಚಾರದ ಸಂದೇಶಗಳನ್ನು ಪಡೆಯುವವರ ಊರಿನ ಸಮಯದಂತೆ ಬೆಳಿಗ್ಗೆ 8ರಿಂದ ರಾತ್ರಿ 9ರೊಳಗೆ ಮಾತ್ರ ಕಳುಹಿಸಬೇಕು. 2025ರ ಏಪ್ರಿಲ್ 11ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಗ್ರಾಹಕರು ಯಾವುದೇ ಸಮಂಜಸ ರೀತಿಯಲ್ಲಿ ‘ಬೇಡ’ ಎಂದರೂ ಹತ್ತು ಕೆಲಸದ ದಿನಗಳೊಳಗೆ ನಿಲ್ಲಿಸಬೇಕು. ಕನ್ನಡದಲ್ಲಿ ಸಂದೇಶ ಕಳುಹಿಸುವವರು ಇದನ್ನು ಹೀಗೆ ತೆಗೆದುಕೊಳ್ಳಲಿ: ಯಂತ್ರ ಗುರುತಿಸುವಂತೆ ಸ್ಟಾಪ್ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಸೂಚಿಸಿ, ಆದರೆ ಯಾರಾದರೂ ‘ನಿಲ್ಲಿಸಿ’ ಎಂದು ಕನ್ನಡದಲ್ಲಿ ಉತ್ತರಿಸಿದರೆ ಅದನ್ನೂ ನಿರಾಕರಣೆ ಎಂದೇ ದಾಖಲಿಸಿ. ಉತ್ತರಗಳನ್ನು ಓದಲು ಒಬ್ಬ ಮನುಷ್ಯ ಇರಲಿ.

ಕೆಲವು ವಸ್ತುಗಳಿಗೆ ಮೂರೂ ದಾರಿ ಮುಚ್ಚಿವೆ. ಗಾಂಜಾ ಉತ್ಪನ್ನಗಳು ಒಂದು ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಸಂದೇಶ ಕಳುಹಿಸುವಂತಿಲ್ಲ. ಅಧಿಕ ಬಡ್ಡಿಯ ತಾತ್ಕಾಲಿಕ ಸಾಲ, ಬೇರೆಯವರ ಪರವಾಗಿ ಸಾಲ ವಸೂಲಿ, ಗ್ರಾಹಕರ ಪಟ್ಟಿ ಮಾರುವ ವ್ಯಾಪಾರ ಇವೂ ಹಾಗೆಯೇ. ಮದ್ಯದಂಥವಕ್ಕೆ ವಯಸ್ಸು ಪರೀಕ್ಷಿಸುವ ಏರ್ಪಾಡನ್ನು ತೋರಿಸಿದರೆ ಅವಕಾಶವಿದೆ.

ಹಾಗಾದರೆ ಯಾರಿಗೆ ಯಾವುದು?

ಒಂದೇ ಊರಿನ ಕ್ಲಿನಿಕ್, ಸಲೂನ್, ಶಾಲೆ, ದುರಸ್ತಿ ಅಂಗಡಿಗಳಿಗೆ ಹತ್ತಂಕಿ ಸಂಖ್ಯೆ, ಕಡಿಮೆ ಪ್ರಮಾಣದ ಮಿಶ್ರ ಕ್ಯಾಂಪೇನ್. ನೆನಪೋಲೆ, ರಿಯಾಯಿತಿ, ಗ್ರಾಹಕರ ಪ್ರಶ್ನೆಗೆ ಉತ್ತರ ಎಲ್ಲವೂ ಒಂದರಲ್ಲೇ ಅಡಗುತ್ತವೆ. ತೆರಿಗೆ ವಿನಾಯಿತಿ ಪಡೆದ ಸಂಘಸಂಸ್ಥೆಗಳು ಧರ್ಮಾರ್ಥ ವರ್ಗವನ್ನು ಕೇಳಿ ಪಡೆಯಲಿ. ಸೇವಾದಾರರು ತಾವಾಗಿ ಹೇಳದೆಯೂ ಇರಬಹುದು. ದೇಶದಾದ್ಯಂತ ಮಾರುವ ಆನ್‌ಲೈನ್ ಅಂಗಡಿಗೆ, ಸಹಾಯವಾಣಿಗೆ ಟೋಲ್ ಫ್ರೀ. ಹೊಸ ಮೊಬೈಲ್ ಆ್ಯಪ್‌ನ ಓಟಿಪಿಗೆ ಆರಂಭದಲ್ಲಿ ಇವೆರಡರಲ್ಲಿ ಯಾವುದಾದರೂ ಸಾಕು, ಬಳಕೆದಾರರು ಲಕ್ಷ ದಾಟುವ ಲಕ್ಷಣ ಕಂಡಾಗ ಶಾರ್ಟ್ ಕೋಡ್‌ಗೆ ಅರ್ಜಿ ಹಾಕಿ, ಏಕೆಂದರೆ ಎರಡು ತಿಂಗಳು ಅದಕ್ಕೇ ಬೇಕು. ಚುನಾವಣಾ ಪ್ರಚಾರಕ್ಕೆ ಹತ್ತಂಕಿ ಸಂಖ್ಯೆ ಬಳಸುವವರು ‘ಕ್ಯಾಂಪೇನ್ ವೆರಿಫೈ’ ಸಂಸ್ಥೆಯಿಂದ ಗುರುತು ದೃಢಪಡಿಸಿಕೊಳ್ಳುವ ಹೆಚ್ಚುವರಿ ಹಂತವನ್ನು ದಾಟಬೇಕು, ಕೊನೆಯ ತಿಂಗಳಿನಲ್ಲಿ ಆರಂಭಿಸಿದರೆ ಸಮಯ ಸಾಲದು.

ಅರ್ಜಿ ತಿರಸ್ಕಾರವಾದರೆ ಕೂಡಲೇ ಇನ್ನೊಂದು ಸಂಖ್ಯೆ ಕೊಳ್ಳಲು ಹೋಗಬೇಡಿ. ಕಾರಣವಾಗಿ ಬಂದ ಸಾಲನ್ನು ಓದಿ, ಜಾಲತಾಣ ತೆರೆಯುತ್ತದೆಯೇ, ಅದರ ಮೇಲಿನ ಹೆಸರೂ ಬ್ರ್ಯಾಂಡ್ ಹೆಸರೂ ಮಾದರಿ ಸಂದೇಶದ ಹೆಸರೂ ಒಂದೇ ಆಗಿವೆಯೇ, ಮಾದರಿ ಸಂದೇಶ ನೀವು ಆರಿಸಿದ ಉದ್ದೇಶಕ್ಕೆ ಹೊಂದುತ್ತದೆಯೇ ನೋಡಿ. ಖಾತೆಯ ಮಾಹಿತಿ ಎಂದು ನೋಂದಾಯಿಸಿ ಮಾದರಿಯಲ್ಲಿ ಶೇ 20 ರಿಯಾಯಿತಿ ಎಂದಿದ್ದರೆ ಅದು ಬೀಳುತ್ತದೆ. ಬಿಟ್‌ಲಿಯಂಥ ಸಾರ್ವಜನಿಕ ಕಿರುಕೊಂಡಿ ಇದ್ದರೆ ತೆಗೆದು ನಿಮ್ಮ ಸ್ವಂತ ಡೊಮೈನ್‌ನ ಕೊಂಡಿ ಹಾಕಿ. ಎಲ್ಲವನ್ನೂ ಒಟ್ಟಿಗೆ ಸರಿಪಡಿಸಿ ಒಮ್ಮೆ ಮರುಸಲ್ಲಿಸಿ; ಪರಿಶೀಲಕರು ಮೊದಲು ಕಂಡ ದೋಷವನ್ನಷ್ಟೇ ಹೇಳಿ ಅಲ್ಲಿಗೆ ನಿಲ್ಲಿಸಿರಬಹುದು.

ಅನುಮೋದನೆ ದೊರೆತ ಮೇಲೆ ಅರ್ಜಿಯಲ್ಲಿ ಬರೆದುದನ್ನು ಸಂದೇಶ ಬರೆಯುವ ಸಿಬ್ಬಂದಿಯ ಕೈಗೆ ಕೊಡಿ. ನೆನಪೋಲೆಗೆಂದಷ್ಟೇ ಪಡೆದ ಕ್ಯಾಂಪೇನ್‌ನಲ್ಲಿ ಹಬ್ಬದ ರಿಯಾಯಿತಿ ಕಳುಹಿಸಬೇಕೆನಿಸಿದರೆ ಅದಕ್ಕೆ ಬೇರೆ ಕ್ಯಾಂಪೇನ್ ನೋಂದಾಯಿಸಿ, ಆ ಸಂದೇಶಗಳಿಗೆ ಒಪ್ಪಿದವರ ಪಟ್ಟಿಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಿ, ಒಪ್ಪಿದ ದಿನಾಂಕ ಮತ್ತು ಅವರು ಓದಿದ ವಾಕ್ಯದ ಸಮೇತ.